‘ತಪ್ಪಾಯ್ತು’ ಎಂಬಲ್ಲಿಂದ ‘ತಪ್ಪು ಮಾಡಿದೆ’ ಎಂಬಲ್ಲಿಗೆ

ಕಾಸರಗೋಡಿನ ಎಷ್ಟೋ ಕ್ರೈಸ್ತ ಮನೆಗಳಲ್ಲಿ ದಿನಕ್ಕೆ ಮೂರು ನಾಲ್ಕು ಭಾಷೆ ಓಡಾಡುತ್ತವೆ. ಅಡುಗೆಮನೆಯಲ್ಲಿ ಕೊಂಕಣಿ, ತೋಟದ ಕೆಲಸದವರ ಜೊತೆ ತುಳು, ಓದು ಬರಹ ಕನ್ನಡ, ವಿಲ್ಲೇಜ್ ಆಫೀಸಿನಲ್ಲಿ ಮಲಯಾಳ. ತಪ್ಪು ಒಪ್ಪಿಕೊಳ್ಳುವ ಹೊತ್ತು ಬಂದಾಗ ಈ ನಾಲ್ಕೂ ಒಂದೇ ಓಣಿಗೆ ಇಳಿಯುತ್ತವೆ. ಕನ್ನಡದಲ್ಲಿ ‘ತಪ್ಪಾಯ್ತು’, ತುಳುವಿನಲ್ಲಿ ‘ತಪ್ಪಾಂಡ್’, ಕೊಂಕಣಿಯಲ್ಲಿ ‘ಚೂಕ್ ಜಾಲಿ’, ಮಲಯಾಳದಲ್ಲಿ ‘ತೆಟ್ಟು ಪಟ್ಟಿ’. ಯಾವುದರಲ್ಲೂ ಮಾಡಿದವರು ಕಾಣುವುದಿಲ್ಲ. ಮಳೆ ಬಂದ ಹಾಗೆ, ಹಾಲು ಒಡೆದ ಹಾಗೆ, ತಪ್ಪೂ ತನ್ನಷ್ಟಕ್ಕೆ ಆಗಿಹೋಯಿತು. ‘ನಾನು ತಪ್ಪು ಮಾಡಿದೆ’, ‘ಯಾನ್ ತಪ್ಪು ಮಲ್ತೆ’, ‘ಹಾಂವೆಂ ಚೂಕ್ ಕೆಲಿ’, ‘ಞಾನ್ ತೆಟ್ಟು ಚೆಯ್ದು’ ಎಂಬ ಮಾತುಗಳೂ ಇದೇ ಭಾಷೆಗಳಲ್ಲಿ ಇವೆ. ಅವು ಬಾಯಿಗೆ ಬರುವುದು ಅಪರೂಪ.

ಬಸ್ಸಿನಲ್ಲಿ ಇನ್ನೊಬ್ಬರ ಕಾಲು ತುಳಿದರೆ ‘ತಪ್ಪಾಯ್ತು’ ಸಾಕು. ಮರ್ಯಾದೆಯ ಮಾತು ಅದು, ಅದರಲ್ಲಿ ದೋಷವಿಲ್ಲ. ಆದರೆ ವರ್ಷಾನುಗಟ್ಟಲೆ ಒಳಗೆ ಕೂತಿರುವ ಒಂದು ಸತ್ಯವನ್ನು ದೇವರ ಮುಂದೆ ತರುವಾಗಲೂ ಅದೇ ಮಾತು ಬಳಸಿದರೆ ಮಾನಸಾಂತರ ಶುರುವಾಗುವುದಿಲ್ಲ. ಧರ್ಮೋಪದೇಶದ ತರಗತಿಯಲ್ಲಿ ಪಶ್ಚಾತ್ತಾಪವೆಂದರೆ ದುಃಖಪಡುವುದು ಎಂದು ಕಲಿಸಿರುತ್ತಾರೆ. ದುಃಖ ಅದರ ಒಂದು ಭಾಗ. ದುಃಖಕ್ಕೂ ಮೊದಲು ಒಪ್ಪಿಕೊಳ್ಳಬೇಕಾದ ಸಂಗತಿ ಒಂದಿದೆ. ಬಹುಪಾಲು ಜನ ತಡವರಿಸುವುದು ಅಲ್ಲಿಯೇ, ಆದ್ದರಿಂದ ಈ ಬರಹ ಅದರ ಬಗ್ಗೆ.

ಹಳೆಯ ಒಡಂಬಡಿಕೆಯಲ್ಲಿ ಇದಕ್ಕಾಗಿ ಬರುವ ಮುಖ್ಯ ಹೀಬ್ರೂ ಕ್ರಿಯಾಪದ ‘ಶೂವ್’. ಹಿಂದಕ್ಕೆ ತಿರುಗು, ಮರಳಿ ಬಾ ಎಂದಷ್ಟೇ ಅರ್ಥ. ಊರಿಗೆ ಮರಳುವುದಕ್ಕೂ ಅದೇ ಪದ. ಹೊಸ ಒಡಂಬಡಿಕೆಯ ಗ್ರೀಕ್ ಪದ ‘ಮೆಟನೋಯಿಯ’, ಮನಸ್ಸು ಬೇರೆಯಾಗುವುದು. ನಮ್ಮ ‘ಮಾನಸಾಂತರ’ ಅದರ ಕನ್ನಡ ರೂಪ. ಹಳೆಯ ಕನ್ನಡ ಬೈಬಲಿನಲ್ಲಿ ಸ್ನಾನಿಕ ಯೋಹಾನನೂ ಯೇಸುವೂ ‘ದೇವರ ಕಡೆಗೆ ತಿರುಗಿಕೊಳ್ಳಿರಿ’ ಎಂದು ಕರೆಯುತ್ತಾರೆ. ತಿರುಗಿಕೊಳ್ಳಬೇಕಾದರೆ ಇಷ್ಟು ದಿನ ಯಾವ ಕಡೆಗೆ ನಡೆಯುತ್ತಿದ್ದೆ ಎಂಬುದು ಗೊತ್ತಿರಬೇಕಲ್ಲ. ಕಹಿ ಸತ್ಯದ ಕೆಲಸ ಅದು: ದಿಕ್ಕು ತೋರಿಸುವುದು.

ಬೈಬಲಿನಲ್ಲಿ ಇದನ್ನು ಹತ್ತಿರದಿಂದ ನೋಡಬೇಕೆಂದರೆ ಇಬ್ಬರು ಅರಸರನ್ನು ಪಕ್ಕಪಕ್ಕದಲ್ಲಿ ಇಟ್ಟು ಓದಬೇಕು. ಒಂದನೆಯ ಸಮುವೇಲ 15ರಲ್ಲಿ ಸೌಲ, ಎರಡನೆಯ ಸಮುವೇಲ 12ರಲ್ಲಿ ದಾವೀದ.

ಸೌಲನಿಗೆ ಶತ್ರುಗಳಾದ ಅಮಾಲೇಕ್ಯರಿಂದ ಏನನ್ನೂ ಉಳಿಸಿಕೊಳ್ಳಬಾರದು ಎಂಬ ಅಪ್ಪಣೆಯಿತ್ತು. ಅವನು ಅರಸ ಅಗಾಗನನ್ನೂ ಒಳ್ಳೆಯ ಕುರಿದನಗಳನ್ನೂ ಉಳಿಸಿಕೊಂಡ. ಪ್ರವಾದಿ ಸಮುವೇಲ ಎದುರಿಗೆ ಬಂದಾಗ ಸೌಲನೇ ಮೊದಲು ಬಾಯಿ ತೆರೆದು, ಯೆಹೋವನ ಮಾತನ್ನು ನೆರವೇರಿಸಿದ್ದೇನೆ ಎನ್ನುತ್ತಾನೆ. ಹಾಗಾದರೆ ನನ್ನ ಕಿವಿಗೆ ಬೀಳುತ್ತಿರುವ ಈ ಕುರಿಗಳ ಸದ್ದು ಯಾವುದು ಎಂದು ಸಮುವೇಲ ಕೇಳುತ್ತಾನೆ. ಆಮೇಲೆ ಸೌಲ ಒಂದೊಂದೇ ಮೆಟ್ಟಿಲು ಇಳಿಯುತ್ತಾನೆ. ಕುರಿಗಳನ್ನು ತಂದವರು ಜನರು. ತಂದದ್ದು ದೇವರಿಗೇ ಬಲಿ ಕೊಡಲಿಕ್ಕೆ. ಕೊನೆಗೆ ‘ಪಾಪಮಾಡಿದ್ದೇನೆ’ ಎನ್ನುತ್ತಾನೆ, ಜೊತೆಗೇ ಜನರಿಗೆ ಹೆದರಿದೆ ಎಂದು ಸೇರಿಸುತ್ತಾನೆ. 30ನೆಯ ವಚನದಲ್ಲಿ ಇನ್ನೊಮ್ಮೆ ಪಾಪಮಾಡಿದ್ದೇನೆ ಎಂದು ಹೇಳಿ, ಆದರೂ ನನ್ನ ಜನರ ಹಿರಿಯರ ಮುಂದೆ ನನ್ನ ಮಾನ ಉಳಿಸು ಎಂದು ಕೇಳಿಕೊಳ್ಳುತ್ತಾನೆ.

ಗಮನಿಸಬೇಕಾದ್ದು ಇಲ್ಲಿದೆ. ಸೌಲ ‘ತಪ್ಪಾಯ್ತು’ ಎನ್ನಲಿಲ್ಲ. ‘ಮಾಡಿದ್ದೇನೆ’ ಎಂದೇ ಹೇಳಿದ, ಅದೂ ಎರಡು ಸಲ. ವಾಕ್ಯದ ತಲೆ ಸರಿಯಾಗಿಯೇ ಇತ್ತು, ಬಾಲ ಕೆಟ್ಟಿತ್ತು. ಅವನಿಗೆ ಬೇಕಾಗಿದ್ದದ್ದು ಜನರೆದುರು ಸಮುವೇಲನ ಪಕ್ಕದಲ್ಲಿ ನಿಲ್ಲುವ ಜಾಗ.

ದಾವೀದನ ಅಪರಾಧ ಸೌಲನದಕ್ಕಿಂತ ಹಗುರವಲ್ಲ. ಇನ್ನೊಬ್ಬನ ಹೆಂಡತಿ ಬತ್ಷೆಬೆಯನ್ನು ಕರೆಸಿಕೊಂಡ. ಮುಚ್ಚಿಹಾಕಲು ನೋಡಿ, ಆಗದಾಗ ಅವಳ ಗಂಡ ಊರೀಯನನ್ನು ಯುದ್ಧದ ಮುಂಚೂಣಿಗೆ ತಳ್ಳಿ ಕೊಲ್ಲಿಸಿದ. ಪ್ರವಾದಿ ನಾತಾನ ಬರುವ ಹೊತ್ತಿಗೆ ಮಗು ಹುಟ್ಟಿಯಾಗಿತ್ತು. ಎಂದರೆ ಒಂಬತ್ತು ತಿಂಗಳಿಗಿಂತ ಹೆಚ್ಚು ಕಾಲ ಅರಸ ಏನೂ ನಡೆಯದವನ ಹಾಗೆ ಆಸ್ಥಾನ ನಡೆಸಿದ್ದ. ದಾವೀದನ ಹೆಸರಿನಲ್ಲಿರುವ 32ನೆಯ ಕೀರ್ತನೆ ಬಾಯಿ ಮುಚ್ಚಿಕೊಂಡಿದ್ದಾಗ ಎಲುಬುಗಳು ಸವೆದುಹೋದವು ಎನ್ನುತ್ತದೆ. ಮುಚ್ಚಿಟ್ಟ ಸತ್ಯ ಮೈಗೆ ಏನು ಮಾಡುತ್ತದೆ ಎಂದು ತಿಳಿದವರ ಮಾತು ಅದು. ನಾತಾನ ಆರೋಪದಿಂದ ಶುರುಮಾಡಲಿಲ್ಲ. ಬಡವನೊಬ್ಬ ಮಗಳ ಹಾಗೆ ಸಾಕಿದ್ದ ಒಂದೇ ಕುರಿಮರಿ, ಅದನ್ನು ಕಿತ್ತುಕೊಂಡು ಅತಿಥಿಗೆ ಅಡುಗೆ ಮಾಡಿಸಿದ ಶ್ರೀಮಂತ, ಇಷ್ಟೇ ಕತೆ. ದಾವೀದ ಸಿಟ್ಟಿಗೆದ್ದು ತೀರ್ಪನ್ನೇ ಕೊಟ್ಟುಬಿಟ್ಟ: ಅವನು ಸಾಯತಕ್ಕವನು, ನಾಲ್ಕರಷ್ಟು ತೆರಬೇಕು. ಆಗ ಬಂತು ಮಾತು, ‘ಆ ಮನುಷ್ಯನು ನೀನೇ.’

ದಾವೀದನ ಉತ್ತರ ಹೀಬ್ರೂವಿನಲ್ಲಿ ಎರಡೇ ಪದ. ಯೆಹೋವನಿಗೆ ವಿರೋಧವಾಗಿ ಪಾಪಮಾಡಿದ್ದೇನೆ. ಬಾಲವಿಲ್ಲ. ಬತ್ಷೆಬೆ ಯಾಕೆ ಅಲ್ಲಿ ಸ್ನಾನ ಮಾಡುತ್ತಿದ್ದಳು ಎಂಬ ಮಾತಿಲ್ಲ, ಯುದ್ಧದಲ್ಲಿ ಯಾರಾದರೂ ಸಾಯುತ್ತಾರೆ ಎಂಬ ಸಮಾಧಾನವಿಲ್ಲ, ಯಾರ ಮುಂದೆಯೂ ಹೇಳಬೇಡ ಎಂಬ ಕೋರಿಕೆಯಿಲ್ಲ. ಹಾಗೆ ಒಪ್ಪಿಕೊಂಡದ್ದರಿಂದ ಪರಿಣಾಮವೂ ತಪ್ಪಲಿಲ್ಲ, ಮಗು ತೀರಿಕೊಂಡಿತು. ಕ್ಷಮೆ ಸಿಕ್ಕಿದ ಮೇಲೆ ಬೆಲೆ ತೆರಬೇಕಾಗಿಲ್ಲ ಎಂದು ಯಾರಾದರೂ ಹೇಳಿದರೆ ಈ ಅಧ್ಯಾಯವನ್ನು ಕೊನೆಯವರೆಗೆ ಓದಿಸಬೇಕು.

ಇನ್ನು ಮಾಡುವ ಕ್ರಮ. ಈಸ್ಟರ್‌ಗೆ ಮೊದಲಿನ ತಪಸ್ಸುಕಾಲ ಇದಕ್ಕೆ ಒಳ್ಳೆಯ ಹೊತ್ತು. ಬೂದಿ ಬುಧವಾರದಿಂದ ಪವಿತ್ರ ಶನಿವಾರದವರೆಗೆ 46 ದಿನ, ಆರು ಭಾನುವಾರ ಕಳೆದರೆ 40. ನಮ್ಮ ಕಡೆ ಗರಿಗಳ ಭಾನುವಾರಕ್ಕೆ ಕೈಗೆ ಕೊಡುವುದು ತೆಂಗಿನ ಎಳೆ ಗರಿ. ಹಿಂದಿನ ವರ್ಷ ಹೊಸಾನ್ನ ಎಂದು ಕೂಗುತ್ತಾ ಎತ್ತಿಹಿಡಿದದ್ದು ಶಿಲುಬೆಯ ಹಿಂದೆ ಸಿಕ್ಕಿಸಿಟ್ಟಲ್ಲೇ ಒಣಗಿ ಹಳದಿಯಾಗಿ, ತುದಿ ಮುರಿಯುವಂತಾಗಿರುತ್ತದೆ. ಅದನ್ನು ಸುಟ್ಟ ಬೂದಿಯೇ ಈ ವರ್ಷದ ಹಣೆಗೆ. ಜೈಕಾರ ಹಾಕಿದ ಕೈಯಲ್ಲಿದ್ದ ಗರಿಯೇ ‘ನೀನು ಮಣ್ಣು’ ಎಂದು ಹೇಳಲು ವಾಪಸು ಬರುತ್ತದೆ.

ಸಾಧಾರಣ ಒಂದು ನೋಟ್‌ಬುಕ್, ಮೂರು ಸಂಜೆ, ಸಂಜೆಗೆ ಅರ್ಧ ಗಂಟೆ. ಒಂದೇ ಸಲಕ್ಕೆ ಕೂತು ಮುಗಿಸಲು ಹೊರಟರೆ ಮನಸ್ಸು ಸಣ್ಣಪುಟ್ಟದ್ದನ್ನೆಲ್ಲ ಸುರಿದು ದೊಡ್ಡದನ್ನು ಅಡಿಯಲ್ಲಿ ಇಟ್ಟುಕೊಳ್ಳುತ್ತದೆ. ಮೊದಲ ಸಂಜೆ ಪುಟವನ್ನು ನಾಲ್ಕು ಪಾಲು ಮಾಡಿ. ಪೂಜೆಯ ಆರಂಭದಲ್ಲಿ ಎದೆ ಬಡಿದುಕೊಂಡು ಹೇಳುವ ಪಾಪನಿವೇದನೆಯ ಪ್ರಾರ್ಥನೆಯಲ್ಲಿ ಬರುವ ನಾಲ್ಕೇ ಸಾಕು: ಯೋಚಿಸಿದ್ದು, ಆಡಿದ್ದು, ಮಾಡಿದ್ದು, ಮಾಡದೆ ಬಿಟ್ಟದ್ದು. ಬರೆಯುತ್ತಾ ಹೋದ ಹಾಗೆ ನಾಲ್ಕನೆಯದು ತುಂಬುತ್ತದೆ. ನೋಡಲು ಹೋಗದ ರೋಗಿ, ಕೊಡದ ಕೂಲಿ, ಇನ್ನೊಬ್ಬರಿಗೆ ಅವಮಾನವಾಗುತ್ತಿದ್ದಾಗ ಪಕ್ಕದಲ್ಲೇ ಕೂತು ಬಾಯಿ ಬಿಡದ ಘಳಿಗೆ. ಎರಡನೆಯ ಸಂಜೆ ಆ ಪಟ್ಟಿಯನ್ನು ಓದಿ, ಕಣ್ಣು ಬೇಗ ಬೇಗ ಹಾರಿಸಿಕೊಂಡು ಹೋಗುವ ಸಾಲು ಯಾವುದು ಎಂದು ನೋಡಿ. ಅಲ್ಲಿ ನಿಲ್ಲಿ. ಮೂರನೆಯ ಸಂಜೆ ಆ ಒಂದು ಸಾಲನ್ನು ಪೂರ್ತಿ ವಾಕ್ಯವಾಗಿ ಬರೆಯಿರಿ: ನಾನು, ಯಾರಿಗೆ, ಏನನ್ನು, ಎಷ್ಟು ಸಲ, ಎಷ್ಟು ಹಣ ಅಥವಾ ಎಷ್ಟು ಕಾಲ. ಬರೆದಾದ ಮೇಲೆ ‘ಆದರೆ’, ‘ಅವರೂ’, ‘ಯಾಕೋ’, ‘ಸ್ವಲ್ಪ’, ‘ಪರಿಸ್ಥಿತಿ’ ಎಂಬ ಪದಗಳಿದ್ದರೆ ಗೀಟು ಹಾಕಿ. ಉಳಿದದ್ದನ್ನು ಬಾಗಿಲು ಹಾಕಿಕೊಂಡು ಗಟ್ಟಿಯಾಗಿ ಓದಿ. ದನಿ ಸಣ್ಣದಾಗುವ ಪದ ಯಾವುದೋ ಸತ್ಯ ಅದರೊಳಗೆ ಇದೆ.

ಯಾವ ಭಾಷೆಯಲ್ಲಿ ಬರೆಯಬೇಕು ಎಂಬುದು ಚಿಕ್ಕ ಪ್ರಶ್ನೆಯಲ್ಲ. ಗಡಿನಾಡಿನಲ್ಲಿರುವ ನಮಗೆ ಅಡಗಿಕೊಳ್ಳಲು ಭಾಷೆಗಳು ಬೇಕಾದಷ್ಟಿವೆ. ಮನೆಯಲ್ಲಿ ಕೊಂಕಣಿ ಅಥವಾ ತುಳು ಮಾತಾಡುವವರು ಪಾಪದ ವಿಷಯ ಬಂದಾಗ ಪುಸ್ತಕದ ಕನ್ನಡಕ್ಕೆ ದಾಟಿಬಿಡುತ್ತಾರೆ. ‘ಕುಟುಂಬದಲ್ಲಿ ಪರಸ್ಪರ ಪ್ರೀತಿಯ ಕೊರತೆ ಉಂಟಾಗಿದೆ’ ಎನ್ನುವಾಗ ನಾಲಿಗೆಗೆ ಏನೂ ಕಷ್ಟವಿಲ್ಲ. ಅದನ್ನೇ ಮನೆಮಾತಿಗೆ ತಂದರೆ ‘ಅತ್ತೆಯ ಹತ್ತಿರ ಮೂರು ತಿಂಗಳು ಮಾತು ಬಿಟ್ಟೆ, ಅವರು ಊಟಕ್ಕೆ ಕೂತರೆ ಬಟ್ಟಲು ಕುಕ್ಕಿದೆ’ ಎಂದಾಗುತ್ತದೆ. ಯಾವ ಭಾಷೆಯಲ್ಲಿ ಜಗಳವಾಡಿದ್ದೋ ಅದೇ ಭಾಷೆಯಲ್ಲಿ ಬರೆಯಿರಿ. ಲಿಪಿ ಕನ್ನಡವಿರಲಿ, ಮಾತು ಜಗಳದ್ದೇ ಇರಲಿ.

ಒಂದು ಉದಾಹರಣೆಯನ್ನು ಪೂರ್ತಿ ಬಿಡಿಸಿ ನೋಡೋಣ, ಯಾಕೆಂದರೆ ಇದು ನಮ್ಮ ಊರುಗಳಲ್ಲಿ ಪಾಪವೆಂದು ಲೆಕ್ಕಕ್ಕೇ ಬರದ ಪಾಪ. ಅಕ್ಕತಂಗಿಯರ ಪಾಲು.

ತಂದೆ ಉಯಿಲು ಬರೆಯದೆ ತೀರಿಕೊಂಡರು. ಒಂದು ಎಕ್ರೆ ಅಡಿಕೆ ತೋಟ, ಎಂದರೆ 100 ಸೆಂಟ್. ತಾಯಿ ಇದ್ದಾರೆ, ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ಕ್ರೈಸ್ತರಿಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಮೂರನೆಯ ಒಂದು ಭಾಗ ವಿಧವೆಗೆ, ಉಳಿದದ್ದು ಮಕ್ಕಳಿಗೆ ಸಮಸಮ, ಗಂಡು ಹೆಣ್ಣೆಂಬ ಭೇದವಿಲ್ಲ. ಲೆಕ್ಕ ಹಾಕಿದರೆ ತಾಯಿಗೆ 33 ಸೆಂಟಿನಷ್ಟು, ಒಬ್ಬೊಬ್ಬ ಮಗುವಿಗೆ 22 ಸೆಂಟಿನಷ್ಟು. ತಿರುವಾಂಕೂರಿನ ಕ್ರೈಸ್ತ ಹೆಣ್ಣುಮಕ್ಕಳು ಸಮಪಾಲಿಗಾಗಿ ಮೇರಿ ರಾಯ್ ಅವರ ಮೊಕದ್ದಮೆಯಲ್ಲಿ 1986ರ ಸುಪ್ರೀಂ ಕೋರ್ಟ್ ತೀರ್ಪಿನವರೆಗೆ ಕಾಯಬೇಕಾಯಿತು. 1956ರವರೆಗೆ ಮದ್ರಾಸಿನ ದಕ್ಷಿಣ ಕನ್ನಡಕ್ಕೆ ಸೇರಿದ್ದ ಕಾಸರಗೋಡಿಗೆ ತಿರುವಾಂಕೂರಿನ ಕಾನೂನಿನ ಅಡ್ಡಿ ಇರಲಿಲ್ಲ. ಇಲ್ಲಿ ಮಗಳ ಪಾಲನ್ನು ತಡೆದದ್ದು ಮನೆಯವರು.

ಹೇಗೆ? ‘ಮದುವೆಗೆ ಚಿನ್ನ ಹಾಕಿದ್ದೇವಲ್ಲ’ ಎಂಬುದು ಮೊದಲ ಮಾತು. ತಂದೆ ಬದುಕಿದ್ದಾಗ ಮಗುವಿಗೆ ಕೊಟ್ಟದ್ದನ್ನು ಪಾಲಿನಲ್ಲಿ ಕಳೆಯಬಾರದು ಎಂದು ಅದೇ ಕಾಯ್ದೆಯ 49ನೆಯ ಕಲಂ ಹೇಳುತ್ತದೆ. ‘ಅವಳೇ ಬೇಡ ಅಂದಳು’ ಎಂಬುದು ಎರಡನೆಯದು. ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಲು ಅವಳನ್ನು ಯಾವಾಗ ಕರೆದಿರಿ? ತಂದೆಯ ತಿಂಗಳ ಪೂಜೆ ಮುಗಿದ ವಾರ, ತಾಯಿ ಅಳುತ್ತಿರುವಾಗ, ಸಬ್ ರಿಜಿಸ್ಟ್ರಾರ್ ಆಫೀಸಿನ ಮುಂದೆ ಜೀಪು ನಿಲ್ಲಿಸಿಕೊಂಡು. ಪಾಲು ಕೇಳಿದರೆ ತವರಿನ ಬಾಗಿಲು ಮುಚ್ಚುತ್ತದೆ ಎಂದು ಯಾರೂ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಹಾಗೆ ಹಾಕಿಸಿಕೊಂಡ ಸಹಿ ಕಾಗದದ ಮೇಲೆ ನಿಲ್ಲಬಹುದು. ಆತ್ಮಪರಿಶೋಧನೆಯ ಪುಟದಲ್ಲಿ ಅದು ‘ನಮ್ಮಲ್ಲಿ ಪಾಲು ಸೌಹಾರ್ದದಿಂದ ಮುಗಿಯಿತು’ ಎಂದಾಗಬಾರದು. ‘ಅಕ್ಕನ 22 ಸೆಂಟ್‌ಗೆ ನಾನೂ ತಮ್ಮನೂ ಸೇರಿ ಅವಳಿಗೆ ಇಷ್ಟವಿಲ್ಲದೆ ಸಹಿ ಹಾಕಿಸಿಕೊಂಡೆವು, ಹನ್ನೆರಡು ವರ್ಷ ಅದರ ಫಸಲು ತಿಂದೆವು’ ಎಂದಾಗಬೇಕು. 2.7 ಮೀಟರ್ ಅಂತರದಲ್ಲಿ ನೆಟ್ಟ ತೋಟದಲ್ಲಿ ಎಕ್ರೆಗೆ ಸುಮಾರು 550 ಮರ. 22 ಸೆಂಟಿನಲ್ಲಿ 120. ನೂರಿಪ್ಪತ್ತು ಮರಗಳ ನಡುವೆ ಒಂದು ಸಂಜೆ ನಡೆದು, ಕೈಯಿಂದ ಒಂದೊಂದನ್ನೇ ಮುಟ್ಟಿ ಎಣಿಸಿದರೆ ಆ ವಾಕ್ಯದ ಭಾರ ಗೊತ್ತಾಗುತ್ತದೆ.

ಒಪ್ಪಿಕೊಂಡ ಮೇಲೆ ಹಿಂದಿರುಗಿಸಬೇಕು. ಮೋಶೆಯ ಧರ್ಮಶಾಸ್ತ್ರ ಇದರಲ್ಲಿ ಆಶ್ಚರ್ಯವಾಗುವಷ್ಟು ಖಚಿತ. ಅರಣ್ಯಕಾಂಡ 5ರ ಪ್ರಕಾರ ಅನ್ಯಾಯ ಮಾಡಿದವರು ಅದನ್ನು ಒಪ್ಪಿ, ಮೂಲವನ್ನು ಪೂರ್ತಿ ಕೊಟ್ಟು, ಐದನೆಯ ಒಂದು ಭಾಗವನ್ನು ಮೇಲೆ ಸೇರಿಸಬೇಕು. ವಿಮೋಚನಕಾಂಡ 22ರಲ್ಲಿ ಕದ್ದ ಕುರಿಯನ್ನು ಕೊಯ್ದೋ ಮಾರಿಯೋ ಬಿಟ್ಟರೆ ನಾಲ್ಕು, ಎತ್ತಾದರೆ ಐದು. ಯೆರಿಕೋವಿನ ಸುಂಕದವರ ಮುಖ್ಯಸ್ಥ ಜಕ್ಕಾಯ ಆಸ್ತಿಯಲ್ಲಿ ಅರ್ಧ ಬಡವರಿಗೆ, ಅನ್ಯಾಯವಾಗಿ ಕಿತ್ತದ್ದಕ್ಕೆ ನಾಲ್ಕರಷ್ಟು ಎಂದು ನಿಂತ ನಿಲುವಿನಲ್ಲೇ ಹೇಳಿದ. ಈ ಕತೆಯನ್ನು ಮರ ಹತ್ತಿದ ಕುಳ್ಳನ ಕತೆಯಾಗಿ ಮಕ್ಕಳಿಗೆ ಹೇಳಿ ಮುಗಿಸುವುದು ನಮಗೆ ಬೇಸರ ತರುತ್ತದೆ. ಯೇಸು ‘ಈ ಹೊತ್ತು ಈ ಮನೆಗೆ ರಕ್ಷಣೆ ಬಂತು’ ಎಂದದ್ದು ಆ ಲೆಕ್ಕ ಕೇಳಿದ ಮೇಲೆ.

ಚಿಕ್ಕ ವ್ಯವಹಾರಗಳಿಗೂ ಇದೇ ಲೆಕ್ಕ ಒಗ್ಗುತ್ತದೆ. ಚಾಲಿಯ, ಎಂದರೆ ಒಣಗಿಸಿ ಸುಲಿದ ಅಡಿಕೆಯ, ಗೋಣಿಯ ಬಾಯಿಯಲ್ಲಿ ಬಿಳಿ ಅಡಿಕೆ, ನಡುವೆ ಕೆಳದರ್ಜೆಯ ಪಟೋರ ತುಂಬಿ ಚಾಲಿಯ ದರಕ್ಕೇ ಕೊಟ್ಟಿದ್ದೀರಿ ಎಂದಿಟ್ಟುಕೊಳ್ಳಿ. ಪಟೋರ 50 ಕಿಲೋ, ದರದ ವ್ಯತ್ಯಾಸ ಕಿಲೋಗೆ 100 ರೂಪಾಯಿ ಆದರೆ ಮೂಲ 5,000, ಐದನೆಯ ಭಾಗ 1,000, ಒಟ್ಟು 6,000. ಕೊಂಡವರು ತೀರಿಕೊಂಡಿದ್ದರೆ ವಾರಸುದಾರರಿಗೆ. ಯಾರೆಂದೇ ತಿಳಿಯದಿದ್ದರೆ ಬಡವರಿಗೆ. ಹೆಸರು ಹೇಳಲು ನಿಜವಾದ ಅಪಾಯವಿದ್ದರೆ ಫಾದರ್ ಮೂಲಕ ತಲುಪಿಸಬಹುದು. ಚರ್ಚಿನ ಕಾಣಿಕೆ ಪೆಟ್ಟಿಗೆಗೆ ಹಾಕಿ ಕೈ ತೊಳೆದುಕೊಳ್ಳುವುದು ಮಾತ್ರ ಸಲ್ಲದು. ಹಣ ಯಾರಿಂದ ಹೋಯಿತೋ ಅವರು ಬದುಕಿದ್ದು, ಅವರ ಮನೆಯ ದಾರಿ ನಿಮಗೆ ಗೊತ್ತಿರುವಾಗ ಪೆಟ್ಟಿಗೆ ಯಾಕೆ?

ಕಥೋಲಿಕರು ಇದನ್ನು ಕುಮ್ಸಾರಿಗೆ, ಎಂದರೆ ಗುರುಗಳ ಮುಂದೆ ಮಾಡುವ ಪಾಪನಿವೇದನೆಗೆ, ಒಯ್ಯುತ್ತಾರೆ. ವರ್ಷಕ್ಕೊಮ್ಮೆಯಾದರೂ ಹೋಗಬೇಕೆಂಬ ಕಟ್ಟಳೆ 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆಯದು. ಆತ್ಮಪರಿಶೋಧನೆ, ದುಃಖ, ಮತ್ತೆ ಮಾಡೆನೆಂಬ ನಿರ್ಧಾರ, ನಿವೇದನೆ, ಪ್ರಾಯಶ್ಚಿತ್ತ ಎಂಬ ಐದು ಹೆಜ್ಜೆ ಎಲ್ಲರಿಗೂ ಬಾಯಿಪಾಠ. ಎಡವುವುದು ನಿವೇದನೆಯಲ್ಲಿ. ಮಾರಕ ಪಾಪವಾದರೆ ಯಾವ ಬಗೆಯದು, ಎಷ್ಟು ಸಲ ಎಂದು ಹೇಳಬೇಕು. ‘ನಾನು ದೊಡ್ಡ ಪಾಪಿ ಫಾದರ್’ ಎಂದರೆ ಏನೂ ಹೇಳಿದಂತಾಗುವುದಿಲ್ಲ. ಅಷ್ಟು ದೊಡ್ಡ ಮಾತಿನ ಕೆಳಗೆ 22 ಸೆಂಟ್ ಸುಲಭವಾಗಿ ಮುಚ್ಚಿಹೋಗುತ್ತದೆ. ಗಂಡನ ಕುಡಿತ, ಸೊಸೆಯ ಸೋಮಾರಿತನ ಎಂದು ಇತರರ ಪಾಪಗಳನ್ನು ನಿವೇದಿಸುವವರೂ ಇದ್ದಾರೆ. ಮುಚ್ಚಿಡುವ ಹೆದರಿಕೆ ಬೇಡ. ನಿವೇದನೆಯ ಮುದ್ರೆಯನ್ನು, ಎಂದರೆ ಅಲ್ಲಿ ಕೇಳಿದ್ದರ ಗುಟ್ಟನ್ನು, ನೇರವಾಗಿ ಮುರಿದ ಗುರು ಆ ಕ್ಷಣದಲ್ಲೇ ಬಹಿಷ್ಕಾರಕ್ಕೆ ಒಳಗಾಗುತ್ತಾನೆ, ಅಷ್ಟು ಬಿಗಿ ಆ ನಿಯಮ. ಪಾಪವಿಮೋಚನೆ ಸಿಕ್ಕಿತೆಂದು ಹಿಂದಿರುಗಿಸುವ ಹೊಣೆ ಹೋಗುವುದಿಲ್ಲ, ಇದು ಚರ್ಚಿನ ಸ್ಪಷ್ಟ ಬೋಧನೆ.

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಪರಂಪರೆಯಿಂದ ಬೆಳೆದ ಸಭೆಗಳಲ್ಲಿ ನಿವೇದನೆಯನ್ನು ಎಲ್ಲರೂ ಒಟ್ಟಾಗಿ ಓದುತ್ತಾರೆ. 1517ರಲ್ಲಿ ಲೂಥರ್ ಬರೆದ 95 ನಿರೂಪಗಳಲ್ಲಿ ಮೊದಲನೆಯದೇ ವಿಶ್ವಾಸಿಯ ಇಡೀ ಬದುಕು ಮಾನಸಾಂತರವಾಗಿರಬೇಕು ಎಂಬುದು. ಒಟ್ಟಾಗಿ ಓದುವುದರ ಅಪಾಯವೆಂದರೆ ‘ನಾವು’. ನಾವೆಲ್ಲರೂ ಪಾಪಮಾಡಿದೆವು ಎಂಬ ಗುಂಪಿನ ದನಿಯಲ್ಲಿ ನನ್ನ ದನಿ ಕರಗುತ್ತದೆ. ಓದುವ ಮೊದಲಿನ ಆ ಅರ್ಧ ನಿಮಿಷದ ಮೌನದಲ್ಲಿ ನೋಟ್‌ಬುಕ್ಕಿನ ಒಂದು ವಾಕ್ಯವನ್ನು ಮನಸ್ಸಿನಲ್ಲೇ ಪೂರ್ತಿ ಹೇಳಿಕೊಂಡರೆ ಆಮೇಲಿನ ‘ನಾವು’ ಪೊಳ್ಳಾಗಿರುವುದಿಲ್ಲ. ಯಾಕೋಬನ ಪತ್ರ 5:16 ಒಬ್ಬರಿಗೊಬ್ಬರು ಅರಿಕೆ ಮಾಡಿಕೊಳ್ಳಿ ಎನ್ನುತ್ತದೆ, ಆದ್ದರಿಂದ ನಂಬುವ ಒಬ್ಬ ಹಿರಿಯರ ಹತ್ತಿರ ಬಾಯಿಬಿಟ್ಟು ಹೇಳುವುದೂ ಅಲ್ಲಿ ಹೊಸತಲ್ಲ.

ಸತ್ಯ ಯಾವಾಗಲೂ ನೋಟ್‌ಬುಕ್ಕಿನಿಂದ ಬರುವುದಿಲ್ಲ. ಹೆಂಡತಿಯೋ ಮಗನೋ ತೋಟದ ಕೆಲಸದವರೋ ಒಂದು ದಿನ ಮುಖಕ್ಕೇ ಹೇಳಿಬಿಡುತ್ತಾರೆ. ಆ ಹೊತ್ತಿಗೆ ಉತ್ತರ ಕೊಡಬೇಡಿ. ‘ಕೇಳಿಸಿಕೊಂಡೆ, ನಾಳೆ ಮಾತಾಡುವ’ ಎಂದಷ್ಟೇ ಹೇಳಿ. ರಾತ್ರಿ ಅವರ ಮಾತನ್ನು ಅವರದೇ ಪದಗಳಲ್ಲಿ ಬರೆದುಕೊಳ್ಳಿ, ನಿಮ್ಮ ಪದಗಳಲ್ಲಿ ಬರೆದರೆ ಅಷ್ಟರಲ್ಲೇ ಅದು ಮೆತ್ತಗಾಗಿರುತ್ತದೆ. ‘ಹೇಳಿದ ರೀತಿ ಸರಿಯಿಲ್ಲ’ ಎಂಬುದು ತಪ್ಪಿಸಿಕೊಳ್ಳಲು ಎಲ್ಲರೂ ಹಿಡಿಯುವ ದಾರಿ. ರೀತಿ ಸರಿಯಿಲ್ಲದಿರಬಹುದು. ವಿಷಯ ನಿಜವೋ ಸುಳ್ಳೋ ಎಂಬುದನ್ನು ಬೇರೆಯಾಗಿಟ್ಟು ನೋಡಿ. ಹತ್ತರಲ್ಲಿ ಒಂಬತ್ತು ಪಾಲು ಉತ್ಪ್ರೇಕ್ಷೆ ಇದ್ದರೂ ಉಳಿದ ಒಂದು ಪಾಲಿಗೆ ಉತ್ತರ ಕೊಡಬೇಕಾದವರು ನೀವು. ಮರುದಿನ ಹೋಗಿ ‘ಇನ್ನೇನಾದರೂ ಉಂಟಾ?’ ಎಂದು ಕೇಳಿ. ಸಾಮಾನ್ಯವಾಗಿ ಇರುತ್ತದೆ, ಮೊದಲ ದಿನ ಹೇಳಲು ಧೈರ್ಯ ಬಾರದ್ದು.

ಹೇಳಬೇಕಾದವರು ನೀವೇ ಆಗಿದ್ದರೆ ಮತ್ತಾಯ 18ರ ಕ್ರಮ ಹಿಡಿಯಿರಿ: ಮೊದಲು ಇಬ್ಬರೇ, ಕೇಳದಿದ್ದರೆ ಒಬ್ಬಿಬ್ಬರನ್ನು ಜೊತೆಗೆ ಕರೆದುಕೊಂಡು, ಅದಕ್ಕೂ ಕೇಳದಿದ್ದರೆ ಸಭೆಗೆ. ನಮ್ಮಲ್ಲಿ ಇದು ತಲೆಕೆಳಗಾಗಿ ನಡೆಯುತ್ತದೆ. ಪೂಜೆ ಬಿಟ್ಟ ಮೇಲೆ ಅಂಗಳದಲ್ಲಿ ಊರಿಗೆಲ್ಲ ತಿಳಿದು, ಕೊನೆಗೆ ತಿಳಿಯುವುದು ಸಂಬಂಧಪಟ್ಟವರಿಗೆ.

ಈ ದಾರಿಯಲ್ಲಿ ಎರಡು ಕಡೆ ನಿಜವಾದ ಪ್ರಪಾತವಿದೆ. ಒಂದು, ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಯೂದನದು. ಅವನೂ ಒಪ್ಪಿಕೊಂಡ, ‘ಪಾಪಮಾಡಿದೆ’ ಎಂದೇ ಹೇಳಿದ, ಮೂವತ್ತು ಬೆಳ್ಳಿ ನಾಣ್ಯಗಳನ್ನು ಹಿಂದಿರುಗಿಸಿಯೂ ಬಿಟ್ಟ. ಆದರೆ ಹೋದದ್ದು ಮಹಾಯಾಜಕರ ಹತ್ತಿರ, ಅವರು ‘ಅದು ನಮಗೇನು’ ಎಂದರು. ಅವನು ಒಬ್ಬನೇ ಹೋಗಿ ಪ್ರಾಣ ಕಳೆದುಕೊಂಡ. ಇನ್ನೊಬ್ಬ ಶಿಷ್ಯ ಪೇತ್ರನೂ ಯೇಸುವನ್ನು ಹಿಡಿದ ರಾತ್ರಿ ಮೂರು ಸಲ ಅವನನ್ನು ಅರಿಯೆನೆಂದು ಹೇಳಿ, ಆಮೇಲೆ ಬಹಳ ದುಃಖಪಟ್ಟು ಅತ್ತ, ಆದರೂ ಉಳಿದ ಶಿಷ್ಯರ ಜೊತೆಯಲ್ಲೇ ಇದ್ದ. ಒಪ್ಪಿಕೊಂಡ ಸತ್ಯವನ್ನು ಒಬ್ಬಂಟಿಯಾಗಿ ಹೊತ್ತುಕೊಂಡು ಕೂರಬೇಡಿ. ಅದೇ ಪಾಪವನ್ನು ವಾರವಾರವೂ ನಿವೇದಿಸಿದರೂ ಸಮಾಧಾನವಾಗದೆ, ತಪ್ಪೇ ಅಲ್ಲದ್ದರಲ್ಲಿ ತಪ್ಪು ಕಾಣುತ್ತಾ ನಿದ್ದೆ ಕೆಟ್ಟಿದ್ದರೆ ಅದು ಸಂಶಯದ ಕಾಯಿಲೆ. ಒಬ್ಬರೇ ಗುರುಗಳ ಮಾತಿಗೆ ನಿಲ್ಲಬೇಕು, ವೈದ್ಯರನ್ನೂ ಕಾಣಬೇಕು. ಸಾಯುವ ಯೋಚನೆ ಬಂದರೆ ಆ ಘಳಿಗೆಯಲ್ಲೇ ಯಾರಿಗಾದರೂ ಹೇಳಿ. ಸರಕಾರದ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಹಗಲು ರಾತ್ರಿ ಕರೆ ಮಾಡಬಹುದು.

ಇನ್ನೊಂದು, ಹೊಡೆಸಿಕೊಂಡವರಿಂದ ಪಶ್ಚಾತ್ತಾಪ ಕೇಳುವುದು. ಗಂಡನ ಹೊಡೆತ ತಿಂದ ಹೆಂಗಸಿಗೆ ‘ನಿನ್ನಲ್ಲೂ ಏನಾದರೂ ತಪ್ಪಿರಬಹುದು, ಯೋಚಿಸು’ ಎನ್ನುವುದು ಕಹಿ ಸತ್ಯ ಹೇಳಿದಂತಲ್ಲ, ಸುಳ್ಳು ಹೇಳಿದಂತೆ. ನಾತಾನ ಹೋದದ್ದು ದಾವೀದನ ಅರಮನೆಗೆ. ಕುರಿಮರಿಯ ಕತೆಯಲ್ಲಿ ಬಡವನನ್ನು ಅವನು ಒಂದು ಮಾತೂ ಪ್ರಶ್ನಿಸಲಿಲ್ಲ. ಮಕ್ಕಳ ಮೇಲಿನ ದೌರ್ಜನ್ಯದಂಥ ಅಪರಾಧವಾದರೆ ಪೊಲೀಸರಿಗೆ ತಿಳಿಸುವುದೇ ದಾರಿ, ಮನೆಯೊಳಗಿನ ಕ್ಷಮಾಪಣೆ ಅದಕ್ಕೆ ಬದಲಿಯಾಗದು.

ಕೊನೆಗೆ ಅಕ್ಕನ ಮನೆಗೆ ಹೋಗುವ ದಿನದ ಬಗ್ಗೆ. ಯೇಸು ಹೇಳಿದ ಕತೆಯಲ್ಲಿ ಮನೆಬಿಟ್ಟು ತಪ್ಪಿಹೋದ ಮಗ ಹಂದಿಗಳ ನಡುವೆ ಕೂತು ತಂದೆಗೆ ಹೇಳಬೇಕಾದ ಮಾತನ್ನು ಮೊದಲೇ ಕಟ್ಟಿಕೊಂಡಿದ್ದ. ನೀವೂ ಕಟ್ಟಿಕೊಂಡು ಹೋಗಿ, ಮೂರು ವಾಕ್ಯಕ್ಕಿಂತ ಹೆಚ್ಚು ಬೇಡ. ಹಬ್ಬದ ದಿನ ಬೇಡ, ಅವಳ ಮಕ್ಕಳೆದುರು ಬೇಡ, ತಿಂಡಿಯ ಪೊಟ್ಟಣ ಹಿಡಿದುಕೊಂಡು ಹೋಗುವುದೂ ಬೇಡ. ‘ಅಕ್ಕಾ, ನಿನ್ನ ಪಾಲನ್ನು ನಾನು ತಿಂದೆ. ನಿನಗೆ ಮನಸ್ಸಿಲ್ಲದೆ ಸಹಿ ಹಾಕಿಸಿದೆ. 22 ಸೆಂಟ್ ನಿನ್ನ ಹೆಸರಿಗೆ ಮಾಡಿಕೊಡುತ್ತೇನೆ.’ ಫಸಲಿನ ಹಣದ ಲೆಕ್ಕ ಬರೆದ ಕಾಗದವನ್ನು ಮೇಜಿನ ಮೇಲಿಡಿ. ತಮ್ಮ ಒಪ್ಪದಿದ್ದರೆ ನಿಮ್ಮ ಕೈಯಲ್ಲಿರುವಷ್ಟನ್ನಾದರೂ ಬರೆದುಕೊಡಿ, ಅವನ ಪಾಲಿನ ಪಾಪವನ್ನು ಅಲ್ಲಿ ಎತ್ತಬೇಡಿ. ಅವಳು ‘ಪರವಾಗಿಲ್ಲ ಬಿಡು’ ಎನ್ನಬಹುದು. ಅದನ್ನು ಬಿಡುಗಡೆ ಎಂದುಕೊಂಡು ಎದ್ದು ಬರಬೇಡಿ, ಅದೇ ‘ಪರವಾಗಿಲ್ಲ’ವನ್ನು ಅವಳು ಹನ್ನೆರಡು ವರ್ಷದಿಂದ ಹೇಳುತ್ತಿದ್ದಾಳೆ. ಸಿಟ್ಟಿನಿಂದ ಬಾಗಿಲು ಹಾಕಿಕೊಳ್ಳಲೂಬಹುದು, ಕ್ಷಮಿಸಲು ಎಷ್ಟು ದಿನ ಬೇಕೆಂದು ಹೇಳುವ ಹಕ್ಕು ಅವಳದು. ಅವಳು ಕ್ಷಮಿಸಲಿ, ಬಿಡಲಿ, ಮಾರನೆಯ ವಾರ ದಸ್ತಾವೇಜು ಬರೆಯುವವರ ಹತ್ತಿರ ಹೋಗಿ ಕರಡು ಮಾಡಿಸಿ, ಮುದ್ರಾಂಕದ ಖರ್ಚು ನೀವೇ ಹಾಕಿ. ನೋಂದಣಿಯಾದ ಮೇಲೆ ವಿಲ್ಲೇಜ್ ಆಫೀಸಿನಲ್ಲಿ ಪೋಕುವರವು, ಎಂದರೆ ಖಾತೆ ಬದಲಾವಣೆ, ಮಾಡಿಸಿ, ತೆರಿಗೆ ರಶೀದಿ ಅವಳ ಹೆಸರಿನಲ್ಲಿ ಬಂದ ದಿನ ಅದನ್ನು ಅವಳ ಕೈಗೆ ಕೊಡಿ.